ಮುಕ್ತಾರ್ ಭಾಯ್ ಗೋಡೆಗೆ ಕಟ್ಟಿದ ದಾರ

ಮುಕ್ತಾರ್ ಭಾಯ್ ನಮ್ಮ ಪಕ್ಕದ ಮನೆಯವರು. ಯಶವಂತಪುರದ ರೈಲ್ವೆ ಗೇಟಿನ ಈಚೆ ಒಂದು ವಠಾರದಲ್ಲಿ ಅವರೂ ನಾವೂ ವರ್ಷಗಟ್ಟಲೆ ಅಕ್ಕಪಕ್ಕ ಬಾಡಿಗೆಗಿದ್ದೆವು. ನಡುವೆ ಒಂದೇ ಗೋಡೆ. ನಾನು ಒಗ್ಗರಣೆ ಹಾಕಿದರೆ ಅವರ ಮನೆಯಲ್ಲಿ ಸೀನುತ್ತಿದ್ದರು, ಅವರ ಮನೆಯ ಮಗು ಅತ್ತರೆ ನನಗೆ ಎಚ್ಚರವಾಗುತ್ತಿತ್ತು. ಹಾಗಾಗಿ ಈಗ ನಾನು ಹೇಳೋದರಲ್ಲಿ ಕೇಳಿದ್ದು ಕಡಿಮೆ, ಕಣ್ಣಾರೆ ಕಂಡದ್ದೇ ಹೆಚ್ಚು.

ಅವರ ಕೆಲಸ ತಕ್ಕಡಿ ರಿಪೇರಿ. ಮಂಡಿಗೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಅಂಗಡಿ. ಈರುಳ್ಳಿಯವರು, ಬೆಲ್ಲದವರು, ಹುಣಸೆಹಣ್ಣಿನವರು ಎಲ್ಲರೂ ತಕ್ಕಡಿ ಹೊತ್ತು ಅಲ್ಲಿಗೇ ಬರಬೇಕು. ವರ್ಷಕ್ಕೊಮ್ಮೆ ಸರ್ಕಾರದವರು ಬಂದು ತಕ್ಕಡಿಗೆ ಮುದ್ರೆ ಒತ್ತುವ ಕಾಲ ಹತ್ತಿರವಾದರೆ ಮುಕ್ತಾರ್ ಭಾಯಿಗೆ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಎಷ್ಟೋ ಸಲ ನಾನೇ ಕುಬ್ರಾ ಕೊಟ್ಟ ಡಬ್ಬಿಯನ್ನು ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಅವರ ಅಂಗಡಿಗೆ ಕೊಟ್ಟು ಹೋಗಿದ್ದೇನೆ. ಕುಬ್ರಾ ಅಂದರೆ ಅವರ ಹೆಂಡತಿ.

ಎಲ್ಲ ತಕ್ಕಡಿಗಳಲ್ಲಿ ಅವರಿಗೆ ನೇತುಹಾಕುವ ಸ್ಪ್ರಿಂಗ್ ತಕ್ಕಡಿಯ ಮೇಲೆ ಬಲು ಪ್ರೀತಿ. ಕೊಕ್ಕೆಗೆ ಒಂದು ಕಿಲೋ ಕಲ್ಲು ಹಾಕಿ ಮುಳ್ಳು ಎಲ್ಲಿ ನಿಂತಿತು ನೋಡುವರು. ಇನ್ನೊಂದು ಕಿಲೋ ಹಾಕುವರು, ಮತ್ತೊಂದು ಹಾಕುವರು. ಪ್ರತಿ ಸಲವೂ ಮುಳ್ಳು ಅಷ್ಟಷ್ಟೇ ಸರಿಯಬೇಕು.

"ಸ್ಪ್ರಿಂಗ್ ಸುಳ್ಳು ಹೇಳಲ್ಲ ಅಕ್ಕಾ," ಅನ್ನುತ್ತಿದ್ದರು. "ಒಂದು ಕಿಲೋಗೆ ಇಷ್ಟು ಅಂದ್ರೆ ಐದು ಕಿಲೋಗೆ ಐದರಷ್ಟು. ಒಂದು ಕೂದಲು ಹೆಚ್ಚಿಲ್ಲ, ಕಡಿಮೆ ಇಲ್ಲ. ಮನುಷ್ಯರಲ್ಲಿ ಇಂಥವರು ಎಲ್ಲಿ ಸಿಗ್ತಾರೆ?"

ಕೂಲಿಯವರು ಹತ್ತು ಕಿಲೋ ತಕ್ಕಡಿಗೆ ಇಡೀ ಮೂಟೆ ನೇತುಹಾಕಿ ಎಳೆದುಬಿಟ್ಟ ಸ್ಪ್ರಿಂಗುಗಳನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಅವನ್ನು "ಸೋತ ಸ್ಪ್ರಿಂಗ್" ಅನ್ನುತ್ತಿದ್ದರು. ಒಂದು ಸಲ ಮಿತಿ ಮೀರಿ ಎಳೆದರೆ ಮುಗಿಯಿತು, ಮತ್ತೆ ಮೊದಲಿನ ಜಾಗಕ್ಕೆ ಬರುವುದಿಲ್ಲ. ಬೆಂಚಿನ ಕೆಳಗೆ ಒಂದು ತಗಡಿನ ಡಬ್ಬದ ತುಂಬ ಅಂಥವೇ ಬಿದ್ದಿರುತ್ತಿದ್ದವು.

ಮನುಷ್ಯ ಒಳ್ಳೆಯವರು, ಆದರೆ ಭಾರಿ ಹೆದರುಪುಕ್ಕಲು. ಬಾಗಿಲಿಗೆ ಬೀಗ ಹಾಕಿ ಗೇಟಿನವರೆಗೆ ಹೋಗಿ ವಾಪಸ್ ಬಂದು ಬೀಗ ಎಳೆದು ನೋಡುವ ಆಸಾಮಿ. ಸ್ಟೌ ಆರಿಸಿದ ಮೇಲೂ ಅದರ ಮೇಲೆ ಅಂಗೈ ಹಿಡಿದು ನೋಡುವರು. ನಾನು ಅವರನ್ನು ಗೇಲಿ ಮಾಡಿದ್ದಕ್ಕೆ ಲೆಕ್ಕವಿಲ್ಲ. ಅವರು ನಗುತ್ತಿದ್ದರು, ಆದರೆ ಕೈ ಮಾತ್ರ ಬೀಗದ ಮೇಲೇ ಇರುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ನಾನು ಗೇಲಿ ಮಾಡುತ್ತಿರಲಿಲ್ಲ. ಅವರ ಮೊದಲ ಮಗ ಅನ್ವರ್ ಹೋಗಿದ್ದು ನಾನು ಕಂಡಿದ್ದೆ. ಏಳು ತಿಂಗಳ ಕೂಸು. ದಿನಾ ಎತ್ತಿಕೊಳ್ಳುತ್ತಿದ್ದೆವು, ದಿನಾ ಆಡಿಸುತ್ತಿದ್ದೆವು, "ಸ್ವಲ್ಪ ಬಡವಾಗಿದಾನೆ, ಹಲ್ಲು ಬರೋ ಹೊತ್ತು" ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದೆವು. ಊರಿಂದ ಬಂದ ಕುಬ್ರಾಳ ತಾಯಿ ಬಾಗಿಲಲ್ಲೇ ನಿಂತು "ಇದೇನು ಹೀಗೆ ಕರಗಿಹೋಗಿದೆ ಮಗು" ಎಂದು ಕೂಗಿಕೊಂಡ ಮೇಲೆಯೇ ನಮ್ಮ ಕಣ್ಣು ತೆರೆದದ್ದು. ಅಷ್ಟರಲ್ಲಿ ಹೊತ್ತು ಮೀರಿತ್ತು. ಆಮೇಲೆ ಆರು ವರ್ಷ ಆ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ.

ಎಂಬತ್ತೊಂದನೇ ಇಸವಿ, ಗಣೇಶನ ಹಬ್ಬ ಕಳೆದ ವಾರ, ದಿಲ್ಶಾದ್ ಹುಟ್ಟಿದಳು. ಕುಬ್ರಾ ಮಗುವನ್ನು ಬಿಸಿಲಿಗೂ ತೋರಿಸಲಿಲ್ಲ. ಕೆನ್ನೆಗೊಂದು, ಅಂಗಾಲಿಗೊಂದು ಕಾಡಿಗೆಯ ಬೊಟ್ಟು. ಯಾರಾದರೂ "ದುಂಡಗಿದೆ" ಅಂದರೆ ಸಾಕು, ಸಾಯಂಕಾಲ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಅವಳು ನಜರ್ ಅನ್ನುತ್ತಿದ್ದಳು, ನಾನು ದೃಷ್ಟಿ ಅನ್ನುತ್ತಿದ್ದೆ. ಘಾಟು ಮಾತ್ರ ಎರಡೂ ಮನೆಗೆ ಒಂದೇ.

ನಾಮಕರಣ ಆದ ಮರುದಿನ ಮುಕ್ತಾರ್ ಭಾಯ್ ಅಂಗಡಿಯಿಂದ ಒಂದು ಸ್ಪ್ರಿಂಗ್ ತಕ್ಕಡಿ ತಂದು ನಡುಮನೆಯ ತೊಲೆಗೆ ನೇತುಹಾಕಿದರು. ಕೊಕ್ಕೆಗೆ ಬಟ್ಟೆಯ ಜೋಳಿಗೆ. ಕುಬ್ರಾ ಬೆಂಕಿಯಾದಳು.

"ಮಗು ಏನು ಬೆಲ್ಲಾನಾ ತೂಗೋಕೆ? ತೂಗಿದ ಮಗು ಉಳಿಯಲ್ಲ ಅಂತ ನಮ್ಮಮ್ಮಿ ಹೇಳ್ತಿದ್ಳು."

ಅವರು ದನಿ ಏರಿಸಲಿಲ್ಲ. "ಅನ್ವರ್‌ನ ತೂಗಲಿಲ್ಲ," ಅಂದರು. "ದಿನಾ ನೋಡ್ತಿದ್ವಿ. ದಿನಾ ನೋಡೋ ಕಣ್ಣಿಗೆ ಏನೂ ಕಾಣಲ್ಲ. ಮುಳ್ಳಿಗೆ ಕಾಣುತ್ತೆ."

ಅಂದಿನಿಂದ ಪ್ರತಿ ಶುಕ್ರವಾರ ಅವರು ನಮಾಜು ಮುಗಿಸಿ ಬಂದು ಜೋಳಿಗೆ ಬಿಚ್ಚುವ ಹೊತ್ತಿಗೆ ಕುಬ್ರಾ ನಮ್ಮ ಅಡುಗೆಮನೆಗೆ ಬಂದು ಆ ಗೋಡೆಗೆ ಬೆನ್ನು ತಿರುಗಿಸಿ ಕೂತುಬಿಡುತ್ತಿದ್ದಳು. ತೂಗಿದ್ದಾಯಿತು ಎಂದು ಅವರು ಗೋಡೆ ತಟ್ಟಿದ ಮೇಲೆಯೇ ಎದ್ದು ಹೋಗುತ್ತಿದ್ದಳು, ಹೋದವಳೇ ಮೆಣಸಿನಕಾಯಿ ಸುಡುತ್ತಿದ್ದಳು.

ತೂಕವನ್ನು ಅವರು ಗೋಡೆಯ ಮೇಲೆ ಗುರುತು ಹಾಕುತ್ತಿದ್ದರು, ಇದ್ದಿಲಿನಿಂದ ಒಂದು ಚುಕ್ಕೆ. ಮುಂದಿನ ಶುಕ್ರವಾರದ ಚುಕ್ಕೆ ನಾಲ್ಕು ಬೆರಳು ಬಲಕ್ಕೆ, ತೂಕ ಏರಿದಷ್ಟು ಮೇಲಕ್ಕೆ. ನೂರು ಗ್ರಾಮಿಗೆ ಒಂದು ಬೆರಳು. ಮಗು ವಾರಕ್ಕೆ ಇನ್ನೂರು ಗ್ರಾಂ ಏರುತ್ತಿತ್ತು, ಹೀಗಾಗಿ ಚುಕ್ಕೆಗಳು ಮೆಟ್ಟಿಲು ಹತ್ತಿದಂತೆ ಒಂದೇ ಸಮ ಹತ್ತಿಕೊಂಡು ಹೋದವು. ಆರೇಳು ಚುಕ್ಕೆ ಆದ ಮೇಲೆ ಅವರಿಗೆ ಏನು ಹೊಳೆಯಿತೋ, ಒಂದು ಕೆಂಪು ದಾರ ತಂದು ಮೊದಲ ಚುಕ್ಕೆಗೊಂದು ಮೊಳೆ ಹೊಡೆದು, ಎಲ್ಲ ಚುಕ್ಕೆಗಳ ಮೇಲೂ ಹಾಯುವ ಹಾಗೆ ಬಿಗಿಯಾಗಿ ಎಳೆದು, ಗೋಡೆ ಮುಗಿಯುವ ಮೂಲೆಯಲ್ಲಿ ಇನ್ನೊಂದು ಮೊಳೆಗೆ ಕಟ್ಟಿದರು. ಆ ಮೂಲೆ ಅಂದರೆ ಮಗುವಿಗೆ ಒಂದು ವರ್ಷ. ದಾರ ಅಲ್ಲಿ ಹೆಂಚಿನ ಹತ್ತಿರಕ್ಕೇ ಹೋಗಿ ನಿಂತಿತ್ತು.

ನನ್ನನ್ನು ಕರೆದು ತೋರಿಸಿದರು. "ನೋಡಿ ಅಕ್ಕಾ. ಮುಂದಿನ ಬಕ್ರೀದ್‌ಗೆ ಎಷ್ಟು ಇರ್ತಾಳೆ ಅಂತ ಈಗಲೇ ಹೇಳಬಹುದು. ಇವಳೂ ಸ್ಪ್ರಿಂಗ್ ಹಾಗೇನೇ."

ಆ ಮೂರು ನಾಲ್ಕು ತಿಂಗಳು ಅವರು ಬೀಗ ಎಳೆದು ನೋಡುವುದನ್ನೂ ಮರೆತಿದ್ದರು. ಶುಕ್ರವಾರ ಬರುವುದೇ ತಡ, ಚುಕ್ಕೆ ದಾರದ ಮೇಲೆ ಕೂರುತ್ತಿತ್ತು, ಅವರ ಮುಖ ಅರಳುತ್ತಿತ್ತು. ನೋಡಿ ನನಗೂ ಖುಷಿಯಾಗುತ್ತಿತ್ತು, ಯಾಕೆ ಸುಳ್ಳು ಹೇಳಲಿ.

ಸಂಕ್ರಾಂತಿ ಕಳೆದ ಮೇಲೆ ಒಂದು ಚುಕ್ಕೆ ದಾರಕ್ಕಿಂತ ಅರ್ಧ ಬೆರಳು ಕೆಳಗೆ ಬಿತ್ತು. ಮುಂದಿನ ವಾರ ಒಂದು ಬೆರಳು. ಅದರ ಮುಂದಿನ ವಾರ ಇನ್ನೂ ಕೆಳಗೆ.

ಬೇರೆ ಯಾರಾದರೂ ಆಗಿದ್ದರೆ ಮಗುವನ್ನು ನೋಡುತ್ತಿದ್ದರು. ಇವರು ಮೊದಲು ತಕ್ಕಡಿಯನ್ನು ಬಿಚ್ಚಿದರು. ಅಂಗಡಿಗೆ ಒಯ್ದು ಕಲ್ಲು ಹಾಕಿ ಹಾಕಿ ನೋಡಿದರು, ಮುಳ್ಳು ಸರಿಯಾಗೇ ಇತ್ತು. ಇನ್ನೊಂದು ತಕ್ಕಡಿ ತಂದರು, ಅದೂ ಅದನ್ನೇ ಹೇಳಿತು. ಜೋಳಿಗೆಯ ಬಟ್ಟೆ ಒಗೆದು ಹಗುರವಾಯಿತೇನೋ ಎಂದು ಬರಿ ಬಟ್ಟೆಯನ್ನೇ ತೂಗಿದರು. ಎಲ್ಲವೂ ಸರಿಯಿದೆ ಅಂದ ಮೇಲೆ ತಪ್ಪು ಎಲ್ಲಿ? ಅವರ ಕಣ್ಣು ಕುಬ್ರಾಳ ಕಡೆ ತಿರುಗಿತು. ಏನು ತಿಂದೆ, ಎಷ್ಟು ಸಲ ಹಾಲು ಕೊಟ್ಟೆ, ಮಗು ಪೂರ್ತಿ ಕುಡೀತಾ ಇಲ್ವಾ.

ಕುಬ್ರಾ ನಮ್ಮ ಅಡುಗೆಮನೆಗೆ ಬಂದು ಸೆರಗು ಬಾಯಿಗಿಟ್ಟು ಅತ್ತಳು. "ನಾಗಮಣಿ ಅಕ್ಕಾ, ನನ್ನ ಹಾಲು ಸಾಲ್ದಾ? ಅನ್ವರ್‌ಗೂ ಸಾಲಲಿಲ್ವಾ?" ಅಂದಳು. ನನಗೆ ಮೈಯೆಲ್ಲ ಉರಿಯಿತು. ನೇರ ಹೋಗಿ ಕೇಳಿದೆ.

"ಏನ್ರೀ ಭಾಯ್, ಮಗು ನಗ್ತಿದೆ, ಬೋರಲು ಬೀಳ್ತಿದೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೋತಿದೆ. ಇನ್ನೇನು ಬೇಕ್ರೀ ನಿಮಗೆ?"

"ದಾರಕ್ಕಿಂತ ನಾಲ್ಕು ಬೆರಳು ಕೆಳಗಿದ್ದಾಳೆ ಅಕ್ಕಾ."

"ದಾರ ಕಟ್ಟಿದ್ದು ಯಾರು? ನೀವೇ ತಾನೇ?"

"ಅನ್ವರ್ ಕೂಡ ನಗ್ತಿದ್ದ," ಅಂದರು. ನಾನು ವಾಪಸ್ ಬಂದೆ.

ಮಾರನೇ ದಿನ ಹಾಲಿನ ಪುಡಿ ಡಬ್ಬಿ ಬಂತು, ರಬ್ಬರ್ ಮೊಲೆಯ ಬಾಟಲಿ ಬಂತು. ಕುಬ್ರಾ ಹಾಲು ಕೊಟ್ಟ ಮೇಲೆ ಇವರು ಬಾಟಲಿ ಹಿಡಿಯುವರು. ಮುಂದಿನ ಶುಕ್ರವಾರ ಚುಕ್ಕೆ ಒಂದು ಚೂರು ದಾರದ ಕಡೆ ಏರಿತು. ಅಷ್ಟೇ ಸಾಕಾಯಿತು. ಬಾಟಲಿ ಎರಡಿದ್ದದ್ದು ನಾಲ್ಕಾಯಿತು. ಆಗಲೇ ಮಾರ್ಚ್ ತಿಂಗಳು. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ, ಬಂದರೂ ಕೆಮ್ಮಣ್ಣಿನ ಬಣ್ಣ. ಡ್ರಮ್ಮಿನಲ್ಲಿ ತುಂಬಿಟ್ಟ ನೀರನ್ನು ಬಿಸಿ ಮಾಡಿಯೇ ಹಾಲು ಕಲಸುತ್ತಿದ್ದರು, ಆದರೆ ಉಗುರುಬೆಚ್ಚಗೆ ಮಾಡೋದಕ್ಕೂ ಕುದಿಸೋದಕ್ಕೂ ಎಷ್ಟು ವ್ಯತ್ಯಾಸ ಅಂತ ಆಗ ಯಾರು ಯೋಚಿಸಿದ್ದರು? ಮಗುವಿಗೆ ಭೇದಿ ಶುರುವಾಯಿತು.

ಹೆರಿಗೆ ಆಸ್ಪತ್ರೆಯಿಂದ ಮನೆಮನೆಗೆ ಬರುವ ನರ್ಸಮ್ಮ ಒಬ್ಬರಿದ್ದರು, ವರಲಕ್ಷ್ಮಮ್ಮ. ದೊಡ್ಡ ಬಾಯಿ, ದೊಡ್ಡ ಚೀಲ, ಬೀದಿ ಕೊನೆಯಲ್ಲಿದ್ದಾಗಲೇ ದನಿ ಕೇಳುತ್ತಿತ್ತು. ಭೇದಿ ಹತ್ತಿದ ಮರುದಿನ ಬೆಳಿಗ್ಗೆ ಅವರನ್ನು ನಾನೇ ಹಿಡಿದು ಎಳೆದುಕೊಂಡು ಬಂದೆ. ಅವರು ಮಗುವಿನ ಹೊಟ್ಟೆ ಚರ್ಮ ಚಿವುಟಿ ನೋಡಿದರು, ಬಾಟಲಿ ಮೂಸಿ ನೋಡಿದರು, ಆಮೇಲೆ ಗೋಡೆ ನೋಡಿದರು.

"ಇದೇನ್ ಸಾಬ್ರೇ, ಗೋಡೆಗೆ ಜನಿವಾರ ಹಾಕಿದ್ದೀರಿ?"

ಮುಕ್ತಾರ್ ಭಾಯ್ ಎಲ್ಲವನ್ನೂ ವಿವರಿಸಿದರು. ಮಗು ದಾರದಿಂದ ಜಾರಿದ್ದು, ವಾಪಸ್ ಏರಿಸಲು ಬಾಟಲಿ ಹಿಡಿದದ್ದು. ನರ್ಸಮ್ಮ ಕೊನೆವರೆಗೂ ಕೇಳಿ ಮೂಲೆಯ ಮೊಳೆಯತ್ತ ಕೈ ತೋರಿಸಿದರು.

"ಅಲ್ಲಿ ಎಷ್ಟು ಬರುತ್ತೆ?"

"ಹದಿಮೂರು ಕಿಲೋ."

"ಒಂದು ವರ್ಷದ ಮಗು ಒಂಬತ್ತು ಇದ್ರೆ ನಾನು ಬೆನ್ನು ತಟ್ಟಿ ಹೋಗ್ತೀನಿ. ಸರಿ, ಗೋಡೆ ಇನ್ನೂ ಉದ್ದ ಇದೆ ಅಂತ ಇಟ್ಕೊಳ್ಳಿ. ಇದೇ ದಾರ ಎಳೀತಾ ಹೋಗಿ. ಇವಳಿಗೆ ಇಪ್ಪತ್ತು ವರ್ಷ ಆದಾಗ ಎಷ್ಟು?"

ಅವರು ಲೆಕ್ಕದಲ್ಲಿ ಚುರುಕು. ತುಟಿ ಅಲ್ಲಾಡಿತು, ನಿಂತಿತು. "ಇನ್ನೂರು ದಾಟುತ್ತೆ," ಅಂದರು, ಕೇಳಿಸದಷ್ಟು ಮೆಲ್ಲಗೆ.

"ಮದುವೆಗೆ ಗಂಡು ನೋಡ್ಬೇಡಿ, ಲಾರಿ ನೋಡಿ. ಅಲ್ರೀ, ಮೊದಲ ಮೂರು ನಾಲ್ಕು ತಿಂಗಳು ಮಕ್ಕಳು ಹಾಗೇ ಏರ್ತಾರೆ. ಆಮೇಲೆ ಮೆಲ್ಲಗೆ. ಇನ್ನೂ ಆಮೇಲೆ ಇನ್ನೂ ಮೆಲ್ಲಗೆ. ನಿಮ್ಮ ಚುಕ್ಕೆಗಳು ಸರಿಯಾಗೇ ಇವೆ. ಏರ್ತಾ ಇದೆ ತಾನೇ? ಅಷ್ಟು ನೋಡಿ. ದಾರ ತಪ್ಪು."

ಮುಕ್ತಾರ್ ಭಾಯ್ ಗೋಡೆಯನ್ನೇ ನೋಡುತ್ತ ನಿಂತರು. "ಸ್ಪ್ರಿಂಗಿಗೂ ಒಂದು ಮಿತಿ ಇದೆ," ಅಂದರು. "ಅದರಾಚೆ ಲೆಕ್ಕ ನಡೆಯಲ್ಲ. ದಿನಾ ಗಿರಾಕಿಗಳಿಗೆ ಹೇಳೋನು ನಾನೇ." ಆಮೇಲೆ ಕತ್ತರಿ ತಂದು ದಾರ ಕತ್ತರಿಸಿದರು. ತಕ್ಕಡಿಯನ್ನು ಬಿಚ್ಚಿ ಅಟ್ಟದ ಮೇಲೆ ಎಸೆದರು.

ನರ್ಸಮ್ಮ ಬಾಟಲಿಯನ್ನು ತಮ್ಮ ಚೀಲಕ್ಕೆ ತುರುಕಿಕೊಂಡರು. ಚೆನ್ನಾಗಿ ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಹಾಕಿ ಚಮಚದಲ್ಲಿ ಕುಡಿಸ್ತಾ ಇರಿ, ಎದೆಹಾಲು ನಿಲ್ಲಿಸಬೇಡಿ, ಬಹಳ ಮಕ್ಕಳಿಗೆ ಇಷ್ಟರಲ್ಲೇ ನಿಲ್ಲುತ್ತೆ ಎಂದರು. "ಸುಸ್ತಾಯ್ತು ಅನ್ನಿಸಿದ್ರೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ಇಲ್ದಿದ್ರೆ ನಾಳೆ ಬೆಳಿಗ್ಗೆ ನಾನೇ ಬಂದು ನೋಡ್ತೀನಿ."

ಸುಸ್ತಾಯ್ತು ಅನ್ನಿಸಿದರೆ! ಅನ್ನಿಸಬೇಕಾದವರು ಯಾರು? ಹಿಂದೊಮ್ಮೆ ಕಣ್ಣೆದುರೇ ಕರಗುತ್ತಿದ್ದ ಕೂಸನ್ನು ನೋಡಿಯೂ ನೋಡದೆ ಇದ್ದವರು ನಾವೇ ಅಲ್ಲವೇ.

ನಮ್ಮನೆಯವರು ಗೂಡ್ಸ್ ಶೆಡ್ಡಿಗೆ ಡ್ಯೂಟಿಗೆ ಹೋಗಿದ್ದರು. ನಾನು ಅಡುಗೆ ಹಾಗೇ ಬಿಟ್ಟು ಅಲ್ಲೇ ಕೂತೆ. ಚಮಚ ಚಮಚ ನೀರು ಹಾಕಿದೆವು. ಒಳಗೆ ಹೋದದ್ದು ಸ್ವಲ್ಪ ಹೊತ್ತಿಗೆ ವಾಂತಿಯಾಗಿ ಬರುತ್ತಿತ್ತು, ಇಲ್ಲವೇ ಕೆಳಗೆ ಹೋಗುತ್ತಿತ್ತು. ವಠಾರದ ಹೆಂಗಸರು ಒಬ್ಬೊಬ್ಬರೇ ಇಣುಕಿ ನೋಡಿ "ನಿಲ್ಲುತ್ತೆ ಬಿಡಿ, ಬಿಸಿಲಿಗೆ ಎಲ್ಲ ಮಕ್ಕಳಿಗೂ ಇದೇ" ಅನ್ನುತ್ತಿದ್ದರು. ಮಗು ಅಳುವುದನ್ನು ನಿಲ್ಲಿಸಿತು. ನಾನು ಅದನ್ನು ಒಳ್ಳೆಯದೆಂದೇ ಅಂದುಕೊಂಡೆ.

ಕುಬ್ರಾ ಮಗುವನ್ನು ಒಂದು ತೋಳಿಂದ ಇನ್ನೊಂದು ತೋಳಿಗೆ ಬದಲಾಯಿಸಿದಳು. ಮತ್ತೆ ಬದಲಾಯಿಸಿದಳು.

"ಅಕ್ಕಾ, ಇವಳು ಹಗುರ ಆಗಿದ್ದಾಳಾ?"

ನಾನು ಎತ್ತಿಕೊಂಡು ನೋಡಿದೆ. ಗೊತ್ತಾಗಲಿಲ್ಲ. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ.

"ನನಗೂ ಗೊತ್ತಾಗ್ತಿಲ್ಲ," ಅಂದಳು. "ಬೆಳಗ್ಗಿಂದ ಇಳಿಸೇ ಇಲ್ಲ ನಾನು." ಆಮೇಲೆ ಗಂಡನ ಕಡೆ ತಿರುಗಿದಳು. "ಅಜೀ, ತಕ್ಕಡಿ ತಗೊಂಡು ಬನ್ನಿ."

ನಾನು ಕೇಳಿದ್ದು ನಿಜವಾ ಎಂದು ಅವಳ ಮುಖ ನೋಡಿದೆ. ಮುಕ್ತಾರ್ ಭಾಯ್ ತಲೆ ಅಲ್ಲಾಡಿಸಿದರು. "ಬೇಡ. ಅದನ್ನ ನಂಬಿಯೇ ಇವಳಿಗೆ ಈ ಗತಿ ತಂದೆ. ನರ್ಸಮ್ಮ ಹೇಳಿದ್ರಲ್ಲ."

ಕುಬ್ರಾ ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಸ್ಟೂಲು ಎಳೆದು ಹತ್ತಿ ಅಟ್ಟದಿಂದ ತಕ್ಕಡಿ ಇಳಿಸಿದಳು, ತೊಲೆಗೆ ಕಟ್ಟಿದಳು, ಜೋಳಿಗೆ ಸಿಕ್ಕಿಸಿದಳು. ತುಟಿ ಏನೋ ಓದಿಕೊಳ್ಳುತ್ತಿತ್ತು. ಮಗುವನ್ನು ತನ್ನ ಕೈಯಾರೆ ಅದರೊಳಗೆ ಮಲಗಿಸಿದಳು. ಆರು ತಿಂಗಳು ಆ ಗೋಡೆಗೆ ಬೆನ್ನು ಹಾಕಿ ಕೂತವಳು ಅವಳು.

"ನನಗೆ ಮುಳ್ಳು ನೋಡೋಕೆ ಬರಲ್ಲ. ನೀವು ಹೇಳಿ, ಚುಕ್ಕೆ ನಾನು ಇಡ್ತೀನಿ."

ಅವರು ಹೇಳಿದರು. ಹಳೆಯ ಚುಕ್ಕೆಗಳಿಂದ ಸ್ವಲ್ಪ ದೂರದಲ್ಲಿ, ಸುಣ್ಣದ ಖಾಲಿ ಜಾಗದಲ್ಲಿ ಅವಳು ಇದ್ದಿಲಿನಿಂದ ಒಂದು ಚುಕ್ಕೆ ಇಟ್ಟಳು. ಅದೇ ಹೊತ್ತಿಗೆ ಫ್ಯಾಕ್ಟರಿಯ ಊಟದ ಸೈರನ್ ಕೂಗಿತು. ಒಂದು ಗಂಟೆ ಬಿಟ್ಟು ಮತ್ತೆ ತೂಗಿದರು. ನೀರು ಕುಡಿಸುತ್ತಲೇ ಇದ್ದೆವು, ಆದರೂ ಮುಳ್ಳು ಒಂದು ಗೆರೆ ಹಿಂದೆ ಸರಿದಿತ್ತು. ಒಂದು ಗೆರೆ ಅಂದರೆ ಐವತ್ತು ಗ್ರಾಂ. ಈ ಸಲ ಗೆರೆಗೆ ಎರಡು ಬೆರಳಿನ ಲೆಕ್ಕ, ಎರಡನೇ ಚುಕ್ಕೆ ಕೆಳಗೆ ಬಿತ್ತು.

"ನಡೀರಿ ಆಸ್ಪತ್ರೆಗೆ," ಅಂದೆ ನಾನು.

ಅವರು ಕತ್ತರಿಸಿ ಬಿಸಾಡಿದ್ದ ಕೆಂಪು ದಾರವನ್ನು ನೆಲದಿಂದ ಎತ್ತಿಕೊಂಡು ಎರಡು ಚುಕ್ಕೆಗೂ ಹಿಡಿದು ನೋಡಿದರು, ಕೈ ಬಿಟ್ಟರು. "ಎರಡು ಚುಕ್ಕೆಗೆ ದಾರ ಯಾವಾಗಲೂ ಕೂರುತ್ತೆ ಅಕ್ಕಾ. ಅದು ಏನೂ ಹೇಳಲ್ಲ. ಒಂದು ಸಲ ಜಾಸ್ತಿ ಭೇದಿ ಆಗಿರಬಹುದು, ಇನ್ನು ನಿಲ್ಲಬಹುದು. ಅಷ್ಟು ದೂರ ಬಿಸಿಲಲ್ಲಿ ಒಯ್ದು ಏನಾದ್ರೂ ಆದ್ರೆ? ಬೆಳಿಗ್ಗೆ ತಾನೇ ದಾರ ನಂಬಿ ಕೆಟ್ಟೆ. ಮೂರನೇದು ನೋಡೋಣ."

ಆ ಒಂದು ಗಂಟೆಯನ್ನು ನಾನು ಸಾಯೋವರೆಗೂ ಮರೆಯೋದಿಲ್ಲ. ನನಗೆ ಅವರ ಕೆನ್ನೆಗೆ ಬಾರಿಸಬೇಕು ಅನ್ನಿಸಿತ್ತು. ಮಗುವಿನ ಜೀವ ಹೋಗುವ ಹೊತ್ತಲ್ಲಿ ಚುಕ್ಕೆ ಕಾಯುತ್ತ ಕೂರುವ ಮನುಷ್ಯನನ್ನು ಏನನ್ನಬೇಕು? ಬಾಯಿಬಿಟ್ಟು ಅಂದೂ ಬಿಟ್ಟೆ. ಅವರು ಗೋಡೆಗೆ ಹಣೆ ಆನಿಸಿ ನಿಂತಿದ್ದರು, ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿತ್ತು. ಕುಬ್ರಾ ಮಾತ್ರ ನಿಲ್ಲಿಸದೆ ಚಮಚ ಹಿಡಿಯುತ್ತಿದ್ದಳು. ಮಗುವಿನ ತುಟಿ ಒಣಗಿ ಬಿರಿದಿತ್ತು, ನೆತ್ತಿ ಸ್ವಲ್ಪ ಗುಳಿಬಿದ್ದ ಹಾಗೆ ಕಂಡಿತು, ಇಲ್ಲ ನನ್ನ ಭ್ರಮೆ ಅನ್ನಿಸಿತು, ಮತ್ತೆ ಮುಟ್ಟಿ ನೋಡಿದೆ.

ಗಂಟೆ ತುಂಬುವ ಮುಂಚೆಯೇ ಕುಬ್ರಾ ಎದ್ದಳು. "ಸಾಕು. ಈಗ ತೂಗಿ."

ಅವರು ಗೋಡೆ ಗಡಿಯಾರ ನೋಡಿದರು. "ಇನ್ನೂ ಐದು ನಿಮಿಷ," ಅಂದವರು ಅವಳ ಮುಖ ನೋಡಿ ತೂಗಿದರು. ಮುಳ್ಳು ಮತ್ತೆ ಒಂದು ಗೆರೆ ಹಿಂದೆ. ಅವಳು ಮೂರನೇ ಚುಕ್ಕೆ ಇಟ್ಟಳು. ಅವರು ದಾರವನ್ನು ಮೊದಲ ಚುಕ್ಕೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಎಳೆದರು. ಮೂರೂ ಚುಕ್ಕೆ ದಾರದ ಕೆಳಗೆ ಮುಚ್ಚಿಹೋದವು.

ಎಳೆದುಕೊಂಡೇ ಹೋದರು. ಸಾಯಂಕಾಲ, ರಾತ್ರಿ, ನಾಳೆ ಬೆಳಿಗ್ಗೆ, ನರ್ಸಮ್ಮ ಬರುವ ಹೊತ್ತು. ದಾರ ಇಳಿದು ಇಳಿದು ನೆಲದ ಹತ್ತಿರಕ್ಕೆ ಹೋಯಿತು. ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು.

"ಇದು ಬೆಳೆಯೋ ಲೆಕ್ಕ ಅಲ್ಲ ಅಕ್ಕಾ, ಸೋರೋ ಲೆಕ್ಕ. ನಲ್ಲಿ ಸೋರಿದ ಹಾಗೆ ಒಂದೇ ಸಮ. ಇದಕ್ಕೆ ದಾರ ಸರಿ." ದಾರದ ತುದಿ ನೋಡಿದರು. "ನಾಳೆ ಬೆಳಿಗ್ಗೆಗೆ ಮೂರು ತಿಂಗಳ ಕೂಸಿನ ತೂಕ ಬರುತ್ತೆ. ಆದರೆ ಅಲ್ಲಿವರೆಗೂ ಹೋಗಲ್ಲ ಇದು. ಅದಕ್ಕೆ ಮುಂಚೇನೇ ಸ್ಪ್ರಿಂಗ್ ಸೋತುಹೋಗುತ್ತೆ."

ಅಷ್ಟು ಹೇಳಿ ಎದ್ದವರು ಓಡಿದರು. ಬೀದಿಯಲ್ಲಿ ವಾಜಿದ್ ಎಂಬುವನ ಆಟೋ ಇತ್ತು, ಊಟ ಮಾಡುತ್ತಿದ್ದವನನ್ನು ಎಬ್ಬಿಸಿಕೊಂಡು ಬಂದರು. ಕುಬ್ರಾ, ನಾನು, ಮಗು ಹಿಂದೆ ಕೂತೆವು. ಅವರು ವಾಜಿದ್ ಪಕ್ಕ ಅರ್ಧ ಹೊರಗೆ ನೇತಾಡುತ್ತ ಕೂತರು, ಮಡಿಲಲ್ಲಿ ತಕ್ಕಡಿ. ಆ ಗಾಬರಿಯಲ್ಲೂ ನಾನು ಅದನ್ನು ನೋಡಿ ಹಲ್ಲು ಕಡಿದೆ. ಮನೆಗೆ ಬೀಗ ಕೂಡ ಹಾಕಿರಲಿಲ್ಲ, ಈ ಮಹಾರಾಯ ತಕ್ಕಡಿ ಹೊತ್ತು ತಂದಿದ್ದರು.

ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ. ಅದು ಹೋಗುತ್ತದೋ ನಿಂತಿದೆಯೋ ತಿಳಿಯದಷ್ಟು ನಿಧಾನ. ಮುಂದೆ ಎತ್ತಿನ ಗಾಡಿ, ಹಿಂದೆ ಲಾರಿ, ಪಕ್ಕಕ್ಕೆ ತಿರುಗಿಸಲೂ ಜಾಗವಿಲ್ಲ. ವಾಜಿದ್ ಹಾರ್ನ್ ಒತ್ತಿದ, ಬೈದ, ಇಳಿದು ಹೋಗಿ ಗೇಟಿನವನ ಕಾಲು ಹಿಡಿಯುವುದೊಂದು ಬಾಕಿ. ಮುಕ್ತಾರ್ ಭಾಯ್ ಬೋಗಿಗಳನ್ನು ನೋಡಲೇ ಇಲ್ಲ, ಮಗುವಿನ ಎದೆ ಏರಿಳಿಯುವುದನ್ನು ನೋಡುತ್ತಿದ್ದರು. ನಾನು ದೇವರಿಗೆ ಹರಕೆ ಹೊತ್ತೆ, ಯಾವ ದೇವರಿಗೆ ಏನು ಹೊತ್ತೆ ಎಂದು ಆಮೇಲೆ ನೆನಪಾಗಲಿಲ್ಲ, ಹಾಗಾಗಿ ಎಲ್ಲರಿಗೂ ತೀರಿಸಬೇಕಾಯಿತು.

ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಮಗುವಿನ ಕಣ್ಣು ಬಿಡಿಸಿ ನೋಡಿ "ಎಷ್ಟು ಕಡಿಮೆ ಆಗಿದೆ ಅಂತ ಏನಾದ್ರೂ ಗೊತ್ತಾ" ಎಂದು ಕೇಳಿದರು, ಉತ್ತರ ಬರುತ್ತದೆ ಅಂತ ಕೇಳಿದ್ದಲ್ಲ. ಮುಕ್ತಾರ್ ಭಾಯ್ ಹೇಳಿದರು. ಹೋದ ಶುಕ್ರವಾರ ಎಷ್ಟಿತ್ತು, ಮಧ್ಯಾಹ್ನದ ಸೈರನ್ ಹೊತ್ತಿಗೆ ಎಷ್ಟು, ಗಂಟೆಗೆ ಎಷ್ಟು ಹೋಗುತ್ತಿದೆ, ದಾರಿಯಲ್ಲಿ ಕಳೆದ ಹೊತ್ತಿಗೆ ಇನ್ನೆಷ್ಟು ಹೋಗಿರಬೇಕು. ಡಾಕ್ಟರಮ್ಮ ಅವರ ಕೈಯಲ್ಲಿದ್ದ ತಕ್ಕಡಿ ನೋಡಿದರು, ಮಗುವನ್ನು ತಮ್ಮ ತಕ್ಕಡಿಯಲ್ಲಿ ಹಾಕಿ ನೋಡಿದರು. ಆಮೇಲೆ ಒಂದು ಪ್ರಶ್ನೆಯನ್ನೂ ಕೇಳದೆ ಗ್ಲೂಕೋಸ್ ನೀರಿನ ಲೆಕ್ಕ ಬರೆದು ನರ್ಸಿಗೆ "ಓಡು" ಅಂದರು. ಕೈಯಲ್ಲಿ ನರ ಸಿಗದೆ ತಲೆಯ ಒಂದು ಕಡೆ ಕೂದಲು ಬೋಳಿಸಿ ಸೂಜಿ ಚುಚ್ಚಿದರು. ಕುಬ್ರಾ ಆ ಬೋಳಿಸಿದ ಜಾಗದ ಪಕ್ಕ ಬೆರಳಿಟ್ಟುಕೊಂಡು ನಿಂತವಳು ಕತ್ತಲಾದರೂ ಕೂರಲಿಲ್ಲ.

ಮೂರನೇ ದಿನ ನಾನು ಬುತ್ತಿ ತೆಗೆದುಕೊಂಡು ಹೋದಾಗ ವಾರ್ಡಿನ ಬಾಗಿಲಿಗೇ ಚೀರಾಟ ಕೇಳಿಸಿತು. ದಿಲ್ಶಾದ್ ಬಾಯಿ ಅಗಲ ಮಾಡಿ, ಕಣ್ಣೀರು ಸುರಿಸಿ, ಇಡೀ ವಾರ್ಡಿನ ನಿದ್ದೆ ಕೆಡಿಸಿ ಅಳುತ್ತಿದ್ದಳು. ಮೈಯೆಲ್ಲ ಒಣಗಿಹೋಗಿದ್ದ ಮಗುವಿನ ಕಣ್ಣಲ್ಲಿ ನೀರು ಬಂದಿತ್ತು! ನಾನು ಬುತ್ತಿ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಮನೆಗೆ ಬಂದ ಮೇಲೂ ಮುಕ್ತಾರ್ ಭಾಯ್ ಶುಕ್ರವಾರ ಶುಕ್ರವಾರ ತೂಗಿದರು, ಆದರೆ ದಾರ ಕಟ್ಟಲಿಲ್ಲ. ಚುಕ್ಕೆಗಳು ಒಮ್ಮೆ ಏರಿದವು, ಒಮ್ಮೆ ಅಲ್ಲೇ ನಿಂತವು, ಮತ್ತೆ ಏರಿದವು, ಅಡ್ಡಾದಿಡ್ಡಿಯಾಗಿ ಬಾಗುತ್ತ ಮೂಲೆಯವರೆಗೆ ಹೋದವು. ಪ್ರತಿ ಚುಕ್ಕೆಗೂ ಅವರ ಎದೆ ಹೊಡೆದುಕೊಳ್ಳುತ್ತಿತ್ತು, ಅದು ಅವರ ಹಣೆಬರಹ. ಕುಬ್ರಾ ಈಗ ನಮ್ಮ ಮನೆಗೆ ಓಡಿ ಬರುತ್ತಿರಲಿಲ್ಲ, ಜೋಳಿಗೆಯನ್ನು ತಾನೇ ಹಿಡಿಯುತ್ತಿದ್ದಳು. ತೂಗಿ ಮುಗಿದ ಮೇಲೆ ಮೆಣಸಿನಕಾಯಿ ಸುಡುವುದನ್ನು ಮಾತ್ರ ಬಿಡಲಿಲ್ಲ.

ಆಮೇಲೆ ನಮಗೆ ಸಹಕಾರನಗರದಲ್ಲಿ ಸೈಟು ಸಿಕ್ಕಿ ಮನೆ ಕಟ್ಟಿಕೊಂಡು ಹೋದೆವು. ಎಂಬತ್ತೆಂಟರ ರಂಜಾನ್ ಹಬ್ಬಕ್ಕೆ ಕುಬ್ರಾ ಕರೆದಳೆಂದು ಹಳೆಯ ವಠಾರಕ್ಕೆ ಹೋಗಿದ್ದೆ. ಹೊಸದಾಗಿ ಸುಣ್ಣ ಬಳಿದಿದ್ದರು. ನಡುಮನೆಯ ಆ ಒಂದು ಗೋಡೆಯನ್ನು ಮಾತ್ರ ಬಿಟ್ಟಿದ್ದರು, ಹೊಗೆ ಬಣ್ಣಕ್ಕೆ ತಿರುಗಿತ್ತು. ಮುಕ್ತಾರ್ ಭಾಯಿಯ ಗಡ್ಡ ಬೆಳ್ಳಗಾಗಿತ್ತು. ಬಾಗಿಲಿನ ಬೀಗ ಎರಡಾಗಿತ್ತು.

ದಿಲ್ಶಾದ್ ಸ್ಕೂಲಿಗೆ ಹೋಗುತ್ತಿದ್ದಳು, ಮುಂದಿನ ಎರಡು ಹಲ್ಲು ಬಿದ್ದಿದ್ದವು, ಒಂದು ನಿಮಿಷ ಕೂತಲ್ಲಿ ಕೂರುವವಳಲ್ಲ. ನನಗೆ ತನ್ನ ಗೋಡೆ ತೋರಿಸುತ್ತೇನೆಂದು ಎಳೆದುಕೊಂಡು ಹೋಗಿ ಚುಕ್ಕೆಯಿಂದ ಚುಕ್ಕೆಗೆ ಬೆರಳು ಇಡುತ್ತ ನಡೆದಳು. ಪಕ್ಕದಲ್ಲಿ ಬೇರೆಯಾಗಿದ್ದ ಮೂರು ಚುಕ್ಕೆ ಬಂದಾಗ ನಿಂತು ಅಪ್ಪನ ಕಡೆ ತಿರುಗಿದಳು.

"ಅಬ್ಬಾ, ಇವು ಯಾಕೆ ಕೆಳಗೆ ಹೋಗ್ತಾವೆ?"

"ಅವು ನಾನಿಟ್ಟಿದ್ದಲ್ಲ ಬೇಟಾ. ನಿಮ್ಮಮ್ಮಿ ಇಟ್ಟಿದ್ದು."

ಹುಡುಗಿ ಬೆರಳನ್ನು ಮೂರನೇ ಚುಕ್ಕೆಯಿಂದ ಮುಂದಕ್ಕೆ ಓಡಿಸಿ, ಕೆಳಕ್ಕೆ ಇಳಿಸಿ, ಬರಿ ಗೋಡೆಯ ಮೇಲೆ ಹುಡುಕಿದಳು. "ಮೂರೇ ಇದೆಯಲ್ಲ. ನಾಲ್ಕನೇದು ಎಲ್ಲಿ?"

ಕುಬ್ರಾ ಶಾವಿಗೆ ಬಟ್ಟಲನ್ನು ನನ್ನ ಕೈಗಿಟ್ಟು, ಮಗಳ ಬೆರಳನ್ನು ಹಿಡಿದು ಗೋಡೆಯಿಂದ ತೆಗೆದಳು.

"ನಾಲ್ಕನೇದಕ್ಕೆ ನಾವು ಕಾಯಲಿಲ್ಲ," ಅಂದಳು.